ಎದುರು ಬೆಟ್ಟದ ಏಳು ಸೂರು

ಆ ಊರಿಗೆಲ್ಲ ಕನ್ನಡಕದಂಗಡಿ ಇದ್ದದ್ದು ಒಂದೇ. ಅದು ಬಾಗಿಲು ಹಾಕುತ್ತಿದ್ದದ್ದು ವರ್ಷಕ್ಕೆ ಒಂದೇ ವಾರ. ಮರಗಳ ಎಲೆ ಹಣ್ಣಾಗುವ ಕಾಲ ಬಂತೆಂದರೆ ‘ಒಂದು ವಾರ ರಜ, ಕಣ್ಣು ಜೋಪಾನ’ ಎಂದು ಹಲಗೆ ನೇತುಹಾಕಿ ಗಂಡ ಹೆಂಡತಿ ಇಬ್ಬರೂ ಬೆಟ್ಟಕ್ಕೆ ಹೊರಟುಬಿಡುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಅದೇ ಬೆಟ್ಟ, ಅದೇ ವಸತಿಗೃಹ, ಮಹಡಿಯ ಮೂಲೆಯ ಅದೇ ಕೋಣೆ. ಒಂದು ಸಲವಾದರೂ ಬೇರೆ ಕಡೆ ಹೋಗಿಬರಬಾರದೇ ಎಂದು ಕೇಳಿದವರಿಗೆ ಕನ್ನಡಕದವನು, ಒಂದನ್ನೇ ಸರಿಯಾಗಿ ನೋಡಿ ಮುಗಿದಿಲ್ಲ, ಇನ್ನು ಬೇರೆ ಯಾಕೆ ಎನ್ನುತ್ತಿದ್ದ. ಊರವರು ಅವನಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಎದುರಿಗೇ ಹಾಗೆ ಕರೆದರೂ ಅವನಿಗೆ ಬೇಸರವಿರಲಿಲ್ಲ, ಒಳಗೊಳಗೇ ಹಿಗ್ಗುತ್ತಿದ್ದ.

ಹಲಗೆ ಸೊಟ್ಟಗಿದೆಯೋ ನೆಟ್ಟಗಿದೆಯೋ ಎಂದು ರಸ್ತೆಯಾಚೆ ನಿಂತು ಹೇಳುವುದು ಹೆಂಡತಿಯ ಕೆಲಸ. ಈ ಸಲ ಅವಳು ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಕೈಚೀಲವನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದುಕೊಂಡು, ಹಲಗೆ ಇಲ್ಲದ ಕಡೆ ನೋಡುತ್ತಿದ್ದಳು. ಅವಳ ಕಣ್ಣು ಹೋಗುತ್ತಿತ್ತು. ಎರಡು ಕಣ್ಣೂ, ಅಂಚಿನಿಂದ ಒಳಕ್ಕೆ. ಈಗ ಉಳಿದದ್ದು ಕೈ ಚಾಚಿ ಹಿಡಿದ ಬಳೆಯಷ್ಟು ಅಗಲದ ಕಿಂಡಿ. ಅದರೊಳಗೆ ಬಿದ್ದದ್ದು ನಿಚ್ಚಳವಾಗಿ ಕಾಣುತ್ತಿತ್ತು, ಅದರಾಚೆ ಏನೂ ಇರಲಿಲ್ಲ. ಮುಂದಿನ ಸಲ ಎಲೆ ಉದುರುವ ಹೊತ್ತಿಗೆ ಅದೂ ಮುಚ್ಚಿಹೋಗಬಹುದು ಎಂದು ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದರು. ಹಾಗಾದರೆ ಈ ವರ್ಷ ತಪ್ಪಿಸಲೇಬಾರದು ಎಂದು ಹಠ ಹಿಡಿದವಳು ಹೆಂಡತಿಯೇ. ಕಣ್ತುಂಬ ನೋಡಿಕೊಂಡು ಬರುತ್ತೇನೆ, ಆಮೇಲೆ ಹೇಗಾಗುತ್ತೋ ಆಗಲಿ ಎಂದಿದ್ದಳು.

ಗಂಡನಿಗೆ ಮಾತ್ರ ಈ ರಜದಲ್ಲಿ ಬೇರೆಯೇ ಕೆಲಸವಿತ್ತು. ಹೆಂಡತಿಗೆ ಅವನು ಒಂದು ಮಾತು ಹೇಳಬೇಕಿತ್ತು. ನಾಲ್ಕು ತಿಂಗಳಿಂದ ಅದು ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಅಂಗಡಿಯಲ್ಲಿ ಆಗಲಿಲ್ಲ, ಮನೆಯಲ್ಲಿ ಆಗಲಿಲ್ಲ, ಬೆಟ್ಟದ ಮೇಲೆ ಹೇಳಿಯೇ ತೀರುತ್ತೇನೆ ಎಂದು ಅವನು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದ.

ಆ ಮಾತು ಇಷ್ಟೇ. ಆಸ್ಪತ್ರೆಯಲ್ಲಿ ಹೆಂಡತಿಯ ಕಣ್ಣಿಗೆ ಹನಿ ಹಾಕಿ ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ಒಳಗೆ ಡಾಕ್ಟರಮ್ಮ ಕಾಗದಗಳನ್ನು ತಿರುವಿ ಹಾಕುತ್ತಾ, ಇಲ್ಲಿಯ ತನಕ ಇವರ ಕಣ್ಣು ಯಾರು ನೋಡುತ್ತಿದ್ದರು ಎಂದು ಕೇಳಿದರು. ನಾನೇ ಎಂಬ ಎರಡಕ್ಷರ ಅವನ ಬಾಯಿಂದ ಹೊರಡಲಿಲ್ಲ. ನಮ್ಮೂರಲ್ಲೇ ಒಬ್ಬ ಕನ್ನಡಕದವನಿದ್ದಾನೆ ಎಂದುಬಿಟ್ಟ. ಆ ಮನುಷ್ಯ ಮೂರು ವರ್ಷದ ಹಿಂದೆ ಕಳಿಸಿಕೊಟ್ಟಿದ್ದರೆ ಕಣ್ಣಿನೊಳಗಿನ ಒತ್ತಡ ಇಳಿಸಬಹುದಿತ್ತು, ದೃಷ್ಟಿ ಉಳಿಯುತ್ತಿತ್ತು, ಅವನಿಗೆ ಅಷ್ಟೂ ತಿಳಿಯಲಿಲ್ಲವೇ ಎಂದರು ಅವರು. ಇಂಥವರಿಗೆಲ್ಲ ಅಂಗಡಿ ಇಡಲು ಬಿಡಬಾರದು ಎಂದು ಇವನೂ ದನಿಗೂಡಿಸಿದ. ಹೊರಗೆ ಬಂದು ಹೆಂಡತಿಯ ಪಕ್ಕ ಕೂತಾಗ, ಇದು ಸದ್ದಿಲ್ಲದೆ ಬರುವ ಕಾಯಿಲೆಯಂತೆ, ಯಾರಿಗೂ ಗೊತ್ತಾಗುವಂಥದ್ದಲ್ಲವಂತೆ ಎಂದು ಹೇಳಿದ. ಅವಳು ಅವನ ಬೆನ್ನು ಸವರಿದಳು. ನೀವ್ಯಾಕೆ ಹೀಗೆ ಕುಗ್ಗಿಹೋದಿರಿ, ನನ್ನ ಹಣೆಬರಹಕ್ಕೆ ನೀವೇನು ಮಾಡ್ತೀರಿ ಎಂದಳು. ಅಂದಿನಿಂದ ದಿನವೂ ಅವಳು ಅವನನ್ನು ಸಮಾಧಾನ ಮಾಡುತ್ತಲೇ ಇದ್ದಳು. ಅವನು ಮಾಡಿಸಿಕೊಳ್ಳುತ್ತಲೇ ಇದ್ದ.

ಕಾರು ಓಡಿಸಿದವನು ಅವಳ ತಮ್ಮ. ಶಾಲೆಯ ವ್ಯಾನು ಓಡಿಸುವವನಾದ್ದರಿಂದ ಅವನಿಗೆ ವೇಗವೆಂದರೇನೆಂದೇ ಗೊತ್ತಿಲ್ಲ. ಬೆಟ್ಟದ ತಿರುವಿನಲ್ಲಿ ಸೈಕಲ್ಲಿನವನೊಬ್ಬ ಅವರನ್ನು ಹಿಂದೆ ಹಾಕಿ ಹೋದ. ದಾರಿಯುದ್ದಕ್ಕೂ ತಮ್ಮನು ಅಕ್ಕನಿಗೆ ಮರಗಳ ಬಣ್ಣ ಹೇಳುತ್ತಾ ಹೋದ. ಎಡಗಡೆ ಹಳದಿ, ಅದರ ಹಿಂದೆ ಕೆಂಪು, ಅದರಾಚೆ ಒಂದು ಬೋಳು ಎಂದು, ಹಾಜರಿ ಕರೆಯುವವನ ಹಾಗೆ. ಸುಮ್ಮನಿರೋ, ಬೋಳೆಲ್ಲ ಯಾಕೆ ಹೇಳ್ತೀಯ ಎಂದು ಅವಳು ನಕ್ಕಳು. ವಸತಿಗೃಹದ ಮುಂದೆ ಇಬ್ಬರನ್ನೂ ಇಳಿಸಿ, ಶನಿವಾರ ಬೆಳಿಗ್ಗೆ ಬರುತ್ತೇನೆ ಎಂದು ಹೇಳಿ ಅವನು ಹೊರಟ. ಹೋಗುವಾಗ ಅಕ್ಕನ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡ.

ವಸತಿಗೃಹದ ಒಡತಿ ಸೊಂಟದಲ್ಲಿ ಸದಾ ಬೀಗದ ಕೈಗೊಂಚಲು ಸಿಕ್ಕಿಸಿಕೊಂಡಿರುವ ಮುದುಕಿ. ಗಂಡ ಹೆಂಡತಿಯ ಮಾತಿನಲ್ಲಿ ಅವಳು ಬೀಗದಮ್ಮ. ಅವಳ ಮನೆಯ ಜಗುಲಿಗೆ ಮೂರು ಮೆಟ್ಟಿಲು. ಎರಡನೆಯ ಮೆಟ್ಟಿಲ ಹತ್ತಿರ ಬಂದಾಗ ಕನ್ನಡಕದವನ ಕಾಲು ತಾನಾಗಿ ನಿಂತಿತು.

ಮೂರು ವರ್ಷದ ಹಿಂದೆ ಇದೇ ಮೆಟ್ಟಿಲಲ್ಲಿ ಅವಳು ಎಡವಿ ಮಂಡಿ ತರಚಿಕೊಂಡಿದ್ದಳು. ಎದ್ದು ಕೂತು ಮಂಡಿಗೆ ಊದಿಕೊಳ್ಳುತ್ತಾ, ಎಡಗಡೆ ಯಾರೋ ಪರದೆ ಎಳೆದ ಹಾಗಾಗುತ್ತೆ ರೀ ಎಂದಿದ್ದಳು. ಎಷ್ಟು ಸರಿಯಾಗಿ ಹೇಳಿದ್ದಳು! ಕನ್ನಡಕದವನು ಅವಳ ಮುಖದಿಂದ ಕನ್ನಡಕ ತೆಗೆದು ಬೆಳಕಿಗೆ ಹಿಡಿದು ನೋಡಿ, ಫ್ರೇಮಿನ ಕಡ್ಡಿ ದಪ್ಪ, ಅದೇ ಅಡ್ಡ ಬರ್ತಿದೆ ಎಂದು ತೀರ್ಪು ಕೊಟ್ಟ. ಊರಿಗೆ ಮರಳಿದ್ದೇ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಫ್ರೇಮು ಆರಿಸಿ ಅವಳಿಗೆ ಹೊಂದಿಸಿದ. ತಮ್ಮ ನೋಡಿ, ಅಕ್ಕಾ, ಟೀವಿ ಮುಖಕ್ಕೆ ಕಟ್ಟಿಕೊಂಡಿದ್ದೀಯಲ್ಲ ಎಂದು ಬಿದ್ದು ಬಿದ್ದು ನಕ್ಕಿದ್ದ. ಆಮೇಲೆ ಕನ್ನಡಕದವನು ಅವಳನ್ನು ಅಂಗಡಿಯ ಹಿಂಗೋಡೆಯ ಅಕ್ಷರದ ಪಟದೆದುರು ಕೂರಿಸಿ ಓದಿಸಿದ. ಅತಿ ಸಣ್ಣ ಅಕ್ಷರಗಳ ಕೊನೆಯ ಸಾಲನ್ನೂ ಅವಳು ತಡವರಿಸದೆ ಓದಿದಳು. ಈ ವಯಸ್ಸಲ್ಲಿ ಕೊನೆಯ ಸಾಲು ಎಂದು ಅವನು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ತಿರುಗಿದ. ಆ ದೊಡ್ಡ ಕನ್ನಡಕ ಈಗಲೂ ಅವಳ ಮೂಗಿನ ಮೇಲಿತ್ತು.

“ಯಾಕ್ರೀ ನಿಂತ್ರಿ?” ಎಂದಳು ಅವಳು.

ಏನಿಲ್ಲ, ಮೆಟ್ಟಿಲಿದೆ, ಕಾಲೆತ್ತಿಡು ಎಂದ ಅವನು.

ಬಂದ ಕೂಡಲೇ ಮಹಡಿಯ ಕಟಕಟೆಯ ಹತ್ತಿರ ನಿಂತು ಕಣಿವೆಯಾಚೆಯ ಬೆಟ್ಟದ ಮನೆಗಳನ್ನು ಎಣಿಸುವುದು ಅವರ ಹಳೆಯ ಆಟ. ಮೊದಲ ವರ್ಷ ಅವನು ಹೊಸ ಹೆಂಡತಿಯ ಕಣ್ಣು ಪರೀಕ್ಷೆ ಮಾಡುತ್ತೇನೆಂದು ತಮಾಷೆಗೆ ಶುರು ಮಾಡಿದ್ದು. ಅಷ್ಟು ದೂರದಲ್ಲಿ ಕೆಂಪು ಸೂರುಗಳು ಬೆರಳಿನ ಉಗುರಿನಷ್ಟೇ ಕಾಣುತ್ತಿದ್ದವು. ಏಳು ಎಂದು ಅವಳು ಹೇಳಬೇಕು, ಪಾಸು ಎಂದು ಇವನು ಹೇಳಬೇಕು. ಆಮೇಲೆಯೇ ಪೆಟ್ಟಿಗೆ ಬಿಚ್ಚುವುದು.

ಈ ಸಲ ಕೋಣೆಯ ಬೀಗ ತೆಗೆಯುತ್ತಾ ಬೀಗದಮ್ಮ ಅವನೊಬ್ಬನಿಗೇ ಕೇಳುವಂತೆ ಒಂದು ಸುದ್ದಿ ಹೇಳಿದ್ದಳು. ಎದುರು ಬೆಟ್ಟದ ಎಡತುದಿಯ ಮನೆ ಈ ಸಲದ ಮಳೆಗೆ ಕುಸಿದುಬಿತ್ತಂತೆ. ಮನೆಯವರು ಮೊದಲೇ ಖಾಲಿ ಮಾಡಿದ್ದರು, ಸದ್ಯ ಯಾರಿಗೂ ಏನೂ ಆಗಲಿಲ್ಲವಂತೆ. ಅವನು ಹೊರಗೆ ಬಂದು ನೋಡಿದ. ನಿಜ, ಆರೇ ಇದ್ದವು. ಹೆಂಡತಿ ಕಟಕಟೆ ಹಿಡಿದು ಗಾಳಿಗೆ ಮುಖವೊಡ್ಡಿ, “ಏಳು” ಎಂದಳು.

“ಪಾಸು” ಎಂದ ಅವನು. ಹಾಗೆ ಗಂಟಲ ಮುಳ್ಳು ಒಂದು ಇದ್ದದ್ದು ಎರಡಾಯಿತು.

ನಾಲ್ಕು ದಿನ ಅವರು ನೋಡಿದ್ದೇ ನೋಡಿದ್ದು. ಅವಳಿಗೆ ತೋರಿಸುವುದೆಂದರೆ ಬೊಟ್ಟು ಮಾಡಿದರೆ ಆಗುತ್ತಿರಲಿಲ್ಲ. ಎರಡೂ ಅಂಗೈಯಲ್ಲಿ ಅವಳ ಮುಖ ಹಿಡಿದು, ಬೇಕಾದ ಕಡೆಗೆ ಮೆಲ್ಲಗೆ ತಿರುಗಿಸಿ, ಕಿಂಡಿಯೊಳಕ್ಕೆ ಆ ವಸ್ತುವನ್ನು ತಂದು ಕೂರಿಸಬೇಕು. ಸಾವಿರಾರು ಮುಖಗಳನ್ನು ಹಿಡಿದು ಕನ್ನಡಕ ಹೊಂದಿಸಿದ ಕೈಗಳು ಅವು, ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಸ್ವಲ್ಪ ಮೇಲೆ, ಹಾಂ, ಅಲ್ಲೇ, ಸಿಕ್ಕಿತು ಎನ್ನುತ್ತಿದ್ದಳು ಅವಳು. ಗೇಟಿನ ಪಕ್ಕದ ಹಳದಿ ಮರವನ್ನು ಬುಡದಿಂದ ತುದಿಯ ತನಕ ಹೀಗೆ ತುಂಡು ತುಂಡಾಗಿ ನೋಡಿ ಮುಗಿಸಲು ಅವಳಿಗೆ ಅರ್ಧ ಗಂಟೆ ಹಿಡಿಯಿತು. ಮರವೇ ಇಷ್ಟು ದೊಡ್ಡದು ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲ ನೋಡಿ ಎಂದು ಅವನಿಗೇ ಚೇಷ್ಟೆ ಮಾಡಿದಳು. ಅವನಿಗೆ ಅಳು ಬಂತು. ಅವಳ ಕಿಂಡಿಗೆ ಬೀಳದ ಹಾಗೆ ಪಕ್ಕಕ್ಕೆ ಸರಿದು ನಿಂತು ಅತ್ತ. ಅಷ್ಟು ಸುಲಭವಾಗಿ ಅವಳಿಂದ ಮರೆಯಾಗಬಹುದು ಎಂಬುದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾದದ್ದು.

ಒಂದು ಮಧ್ಯಾಹ್ನ ಅವನು ಚಹಾ ತರಲು ಕೆಳಗೆ ಹೋಗಿ ಬರುವಾಗ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವಳು ಕಣ್ಣು ಮುಚ್ಚಿಕೊಂಡು ನಡೆಯುತ್ತಿದ್ದಳು. ಮಂಚದಿಂದ ಕಿಟಕಿಗೆ ನಾಲ್ಕು ಹೆಜ್ಜೆ, ಕಿಟಕಿಯಿಂದ ಬಚ್ಚಲಿಗೆ ಆರು ಎಂದು ಬಾಯಲ್ಲೇ ಎಣಿಸಿಕೊಳ್ಳುತ್ತಾ, ಗೋಡೆಯನ್ನು ಕೈಯಿಂದ ತಡವುತ್ತಾ. ಕುರ್ಚಿಗೆ ತಾಗಿ ನಿಂತು, ಕುರ್ಚಿಯನ್ನೇ ಬೈದು, ಮತ್ತೆ ಮೊದಲಿನಿಂದ ಶುರು ಮಾಡಿದಳು. ಮುಂದಿನ ವರ್ಷವೂ ಇಲ್ಲಿಗೆ ಬರುವ ತಯಾರಿ ಅದು. ಅವನು ಎರಡು ಲೋಟ ಹಿಡಿದು ಹೊರಗೇ ನಿಂತ. ಈಗ ಹೇಳುತ್ತೇನೆ ಅಂದುಕೊಂಡ. ಚಹಾ ಆರಿದ್ದಷ್ಟೇ ಬಂತು.

ನಾಲ್ಕನೆಯ ದಿನ, ಗುರುವಾರ, ಮೇಲಿನ ತಿರುವಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಬಿಸಿಲು ಕಾಯಿಸುತ್ತಾ ಕೂತಿದ್ದರು. ಎಳೆಬಿಸಿಲು, ಸುತ್ತ ಯಾರೂ ಇಲ್ಲ. ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ, ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಅವನು ಕೆಮ್ಮಿ ಗಂಟಲು ಸರಿ ಮಾಡಿಕೊಂಡ. ಅಷ್ಟರಲ್ಲಿ ನಡೆದು ಬಂದ ಪ್ರವಾಸಿ ಹೆಂಗಸೊಬ್ಬಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಕಳಚಿಬಂದ ತನ್ನ ಕನ್ನಡಕದ ಕಡ್ಡಿಯನ್ನು ಹಲ್ಲಿನಿಂದ ಸರಿ ಮಾಡಲು ಒದ್ದಾಡತೊಡಗಿದಳು. ಕನ್ನಡಕದವನ ಜೇಬಿನಲ್ಲಿ ಕಿರುಬೆರಳಿನಷ್ಟುದ್ದದ ತಿರುಪುಳಿ ಇಲ್ಲದ ದಿನವೇ ಇಲ್ಲ. ಇಸಿದುಕೊಂಡು, ತಿರುಪು ಕೂರಿಸಿ, ಅವಳ ಕಿವಿಯ ಹಿಂದೆ ಕಡ್ಡಿ ಒತ್ತದಂತೆ ಬಾಗಿಸಿ ಕೊಟ್ಟ. ಆ ಹೆಂಗಸು ಎರಡು ಮೂರು ಸಲ ಉಪಕಾರ ಹೇಳಿದಳು.

“ನಮ್ಮನೆಯವರ ಕೈಗುಣ ಅದು” ಎಂದಳು ಹೆಂಡತಿ, ದನಿ ಬಂದ ಕಡೆ ಮುಖ ಮಾಡಿ. “ಇಪ್ಪತ್ತಾರು ವರ್ಷದಿಂದ ನನ್ನ ಕಣ್ಣು ನೋಡ್ಕೊಂಡಿರೋದು ಇವರೇ. ಇವರಿಲ್ಲದಿದ್ರೆ ನನ್ನ ಗತಿ ಯಾವತ್ತೋ ಮುಗೀತಿತ್ತು.”

ಆ ಹೆಂಗಸು ಅವಳ ಮುಖ ನೋಡಿದಳು, ಅವಳ ಕಣ್ಣು ತನ್ನ ಭುಜದಾಚೆ ಎಲ್ಲೋ ನೆಟ್ಟಿದ್ದನ್ನು ನೋಡಿದಳು, ಆಮೇಲೆ ಇವನನ್ನು ನೋಡಿ ತಲೆ ತಗ್ಗಿಸಿ ಎದ್ದುಹೋದಳು. ಕನ್ನಡಕದವನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಹೇಳಬೇಕೆಂದಿದ್ದ ಮಾತು ಮತ್ತೆ ಹೊಟ್ಟೆಗಿಳಿಯಿತು. ಅಂದು ಅವನು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಬೆಟ್ಟದ ಗಾಳಿಗೆ ಹೊಟ್ಟೆ ಕೆಟ್ಟಿದೆ ಎಂದ. ಬೀಗದಮ್ಮ ಬಿಸಿನೀರು ಕಳಿಸಿದಳು, ಹೆಂಡತಿ ಹಣೆ ಮುಟ್ಟಿ ನೋಡಿದಳು. ಹಣೆ ಎಲ್ಲಿದೆಯೆಂದು ಅವಳ ಬೆರಳು ಮೊದಲು ಕಿವಿಯನ್ನು, ಆಮೇಲೆ ಹುಬ್ಬನ್ನು ಹುಡುಕಿಕೊಂಡು ಬಂತು. ಶುಕ್ರವಾರವೂ ಹಾಗೇ ಕಳೆದುಹೋಯಿತು.

ಶನಿವಾರ ಬೆಳಿಗ್ಗೆ ಪೆಟ್ಟಿಗೆ ಕಟ್ಟಿ ಜಗುಲಿಗೆ ತಂದಿಟ್ಟರು. ಭಾವಮೈದುನ ಬರಲು ಇನ್ನೂ ಹೊತ್ತಿತ್ತು. ಅವನ ವೇಗಕ್ಕೆ ಮಧ್ಯಾಹ್ನವಾದರೂ ಆಶ್ಚರ್ಯವಿಲ್ಲ. ಬೀಗದಮ್ಮ ಅಂಗಳದ ಎಲೆ ಗುಡಿಸಿ ಒಂದು ಕಡೆ ಗುಡ್ಡೆ ಹಾಕಿ ಒಳಗೆ ಹೋದಳು. ಹೆಂಡತಿ ಎರಡನೆಯ ಮೆಟ್ಟಿಲ ಮೇಲೆ ಕೂತಳು. ಅಲ್ಲೇ ಕೂರಬೇಕೇ ಅವಳು! ಬಿಸಿಲು ಬೀಳುವುದು ಅಲ್ಲೇ ಆದ್ದರಿಂದ ಕೂತಳು, ಬೇರೇನಿಲ್ಲ. ಅವನು ಅವಳ ಪಕ್ಕದಲ್ಲಿ ಕೂತ, ಎಡಗಡೆ, ಅವಳಿಗೆ ಕಾಣದ ಕಡೆ. ಆಮೇಲೆ ಏನೆನ್ನಿಸಿತೋ, ಎದ್ದು ಬಂದು ಅವಳೆದುರು ನೆಲದ ಮೇಲೆ ಕೂತು ತನ್ನ ಮುಖವನ್ನು ಅವಳ ಕಿಂಡಿಯೊಳಗೆ ತಂದುಕೊಂಡ.

“ಇಲ್ಲೇ ನೀನು ಹೇಳಿದ್ದೆ” ಎಂದ. “ಪರದೆ ಎಳೆದ ಹಾಗಾಗುತ್ತೆ ಅಂತ. ನಾನು ದೊಡ್ಡ ಫ್ರೇಮು ಹಾಕಿಕೊಟ್ಟೆ.”

ಶುರುವಾದ ಮೇಲೆ ಅದು ನಿಲ್ಲಲಿಲ್ಲ. ಡಾಕ್ಟರಮ್ಮ ಕೇಳಿದ್ದು, ತಾನು ಯಾರೋ ಒಬ್ಬನ ಮೇಲೆ ಹಾಕಿದ್ದು, ಮೂರು ವರ್ಷದ ಹಿಂದೆ ಕರೆದುಕೊಂಡು ಹೋಗಿದ್ದರೆ ಕಣ್ಣು ಉಳಿಯುತ್ತಿತ್ತು ಎಂದದ್ದು, ಹೊರಗೆ ಬಂದು ಅವಳಿಗೆ ಸುಳ್ಳು ಹೇಳಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅವಳು ಅಲುಗಾಡದೆ ಕೇಳಿದಳು.

“ಆ ಕನ್ನಡಕದವನನ್ನ ನೀವೂ ಬೈದ್ರಾ?”

“ಬೈದೆ.”

ಅವಳಿಗೆ ನಗು ಬಂತು. ಆ ನಗು ಅರ್ಧದಲ್ಲೇ ಮುರಿದು ಅಳುವಾಯಿತು. ದೊಡ್ಡ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಕ್ಷಮಿಸು ಎನ್ನಲು ಅವನು ಬಾಯಿ ತೆರೆದಾಗ ಕೈ ಅಡ್ಡ ಹಿಡಿದು ತಡೆದಳು.

“ನಾಲ್ಕು ತಿಂಗಳು ನಾನು ನಿಮಗೆ ಸಮಾಧಾನ ಹೇಳಿದೆ. ದಿನಾ ಹೇಳಿದೆ. ನೀವು ಹೇಳಿಸ್ಕೊಂಡ್ರಿ.”

ಹಳದಿ ಮರದಿಂದ ಎಲೆಗಳು ಉದುರುತ್ತಲೇ ಇದ್ದವು, ಬೀಗದಮ್ಮ ಗುಡಿಸಿದ್ದೆಲ್ಲ ನೀರಲ್ಲಿ ಹೋಮವಾಗುತ್ತಿತ್ತು. ಅವಳು ಪಾಠ ಒಪ್ಪಿಸುವವಳ ಹಾಗೆ, “ಗ, ರ, ಟ, ಪ, ದ, ಲ” ಎಂದಳು.

ಅದು ಅಂಗಡಿಯ ಪಟದ ಕೊನೆಯ ಸಾಲು. ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ನಿಧಾನಕ್ಕೆ ತಿಳಿಯಿತು. ಇಪ್ಪತ್ತಾರು ವರ್ಷ ದಿನಾ ಬೆಳಿಗ್ಗೆ ಒದ್ದೆಬಟ್ಟೆಯಲ್ಲಿ ಆ ಪಟದ ಗಾಜು ಒರೆಸಿದವಳು ಅವಳೇ ಅಲ್ಲವೇ. ಬಂದ ಗಿರಾಕಿಗಳು ಅದನ್ನು ಓದುವುದನ್ನು ಪಕ್ಕದಲ್ಲಿ ನಿಂತು ಸಾವಿರ ಸಲ ಕೇಳಿದವಳು. ಊರಿಗೆಲ್ಲ ಪರೀಕ್ಷೆಯಾಗುವ ಪಟ ಅವಳೊಬ್ಬಳಿಗೆ ಪರೀಕ್ಷೆಯೇ ಅಲ್ಲ. ಪಟ ಬದಲಿಸಿ ಓದಿಸಬೇಕೆಂಬುದು ಭೂತಗನ್ನಡಿಗೆ ಹೊಳೆದೇ ಇರಲಿಲ್ಲ.

“ಮೊದಲಿನ ಎರಡು ಅಕ್ಷರ ಆವತ್ತೇ ನನಗೆ ಕಾಣ್ಲಿಲ್ಲ” ಎಂದಳು. “ಬಾಯಿಗೆ ಬಂತು, ಹೇಳಿದೆ. ನೀವು ಅಷ್ಟು ಖುಷಿಪಟ್ರಿ. ಕನ್ನಡಕದವರ ಹೆಂಡತಿಗೇ ಕಣ್ಣು ಕಾಣ್ಸಲ್ಲ ಅಂದ್ರೆ ಅಂಗಡಿಗೆ ಯಾರು ಬರ್ತಾರೆ ಅಂತ ನಾನೂ ಸುಮ್ಮನಾದೆ. ಹೆದರಿಕೆನೂ ಆಗಿತ್ತು.”

“ಹಾಗಾದ್ರೆ ತಪ್ಪು...”

“ಯಾರದು ಅಂತ ನನಗೆ ಗೊತ್ತಿಲ್ಲ. ಸಿಟ್ಟಂತೂ ಬಂದಿದೆ. ಇರಲಿ, ಸ್ವಲ್ಪ ದಿನ ಇರಲಿ ಬಿಡಿ ಅದು.”

ಅವನು ತಲೆಯಾಡಿಸಿದ. ಅವಳಿಗೆ ಕಂಡಿತೋ ಇಲ್ಲವೋ ಎಂದು, ಆಯಿತು ಎಂದು ಬಾಯಲ್ಲೂ ಹೇಳಿದ. ಅವಳು ಕನ್ನಡಕ ಹಾಕಿಕೊಂಡಳು. ಕಿವಿಯ ಹಿಂದೆ ಕಡ್ಡಿ ಸರಿಯಾಗಿ ಕೂರದ್ದನ್ನು ಅವನು ಸರಿ ಮಾಡಲು ಕೈ ಚಾಚಿ, ಮುಟ್ಟಲೋ ಬೇಡವೋ ಎಂದು ನಡುವೆಯೇ ನಿಲ್ಲಿಸಿದ. ಕೆಳಗಿನ ತಿರುವಿನಲ್ಲಿ ಭಾವಮೈದುನನ ಕಾರು ತೆವಳಿಕೊಂಡು ಬರುವ ಸದ್ದು ಕೇಳಿಸಿತು.

“ಹೊರಡೋ ಮುಂಚೆ ಒಂದ್ಸಲ ತೋರಿಸಿಬಿಡಿ” ಎಂದಳು ಅವಳು.

ಮೆಟ್ಟಿಲ ಮೇಲಿಂದಲೂ ಎದುರು ಬೆಟ್ಟ ಕಾಣುತ್ತಿತ್ತು. ಅವನು ಹಿಂದೆ ಹೋಗಿ ನಿಂತು ಎರಡೂ ಅಂಗೈಯಲ್ಲಿ ಅವಳ ಮುಖ ಹಿಡಿದು ಮೆಲ್ಲಗೆ ಮೇಲೆತ್ತಿದ. ಅವಳ ಕೆನ್ನೆ ಇನ್ನೂ ಒದ್ದೆಯಿತ್ತು. ಅವಳು ಎಣಿಸುವ ಗೋಜಿಗೇ ಹೋಗದೆ, “ಏಳು” ಎಂದಳು.

ಪಾಸು ಎನ್ನುವುದು ಅವನ ತುದಿನಾಲಿಗೆಗೆ ಬಂದಿತ್ತು.

“ಆರು ಕಣೇ” ಎಂದ. “ಎಡಗಡೆ ತುದಿಯದು ಈ ಸಲದ ಮಳೆಗೆ ಬಿದ್ದೋಯ್ತಂತೆ. ಬಂದ ದಿನಾನೇ ಬೀಗದಮ್ಮ ಹೇಳಿದ್ರು. ನಾನೇ ನಿನಗೆ ಹೇಳ್ಲಿಲ್ಲ.”

ಅವಳು ಅವನ ಕೈಗಳ ನಡುವೆ ಮುಖವಿಟ್ಟುಕೊಂಡೇ ಆ ಕಡೆಗೆ ನೋಡುತ್ತಿದ್ದಳು.

“ನನಗೆ ಅದು ಬಿದ್ದು ಮೂರು ವರ್ಷ ಆಯ್ತು ರೀ” ಎಂದಳು.

ಭಾವಮೈದುನ ಗೇಟಿನ ಹತ್ತಿರ ಕಾರು ನಿಲ್ಲಿಸಿ ಎರಡು ಸಲ ಹಾರನ್ ಮಾಡಿದ. ಗಂಡ ಅವಳ ಮುಖವನ್ನು ಬಲತುದಿಯಿಂದ ಒಂದೊಂದೇ ಸೂರಿನ ಕಡೆಗೆ ತಿರುಗಿಸುತ್ತಾ ಬಂದ. ಈ ಸಲ ಅವಳು ಬಾಯಿಬಿಟ್ಟು, ನಿಧಾನವಾಗಿ, ಒಂದೊಂದನ್ನೂ ಕಂಡು ಎಣಿಸಿದಳು. ಆರಕ್ಕೆ ನಿಲ್ಲಿಸಿದಳು.